ಅಕ್ಷರ ಅದಲುಬದಲಾಗಿ ಹುಟ್ಟಿದ ಹೆಸರು: ಪೆಟಲ್, ಸೆಪಲ್, ಟೆಪಲ್

ಸಸ್ಯಶಾಸ್ತ್ರದ ಪುಸ್ತಕವೊಂದರಲ್ಲಿ ‘ಟೆಪಲ್’ ಎಂಬ ಪದವನ್ನು ಮೊದಲ ಸಲ ಓದಿದಾಗ ಅದು ಅಚ್ಚಿನ ತಪ್ಪೆಂದೇ ತಿಳಿದಿದ್ದೆ. ‘ಪೆಟಲ್’ ಎಂದು ಅಕ್ಷರ ಜೋಡಿಸುವಾಗ ಪಕಾರವೂ ಟಕಾರವೂ ಹಿಂದುಮುಂದಾಗಿರಬೇಕು ಅನ್ನಿಸಿತ್ತು. ಮುಂದಿನ ಪುಟದಲ್ಲೂ ಅದೇ ಪದ ಕಂಡಿತು, ಅದರಾಚೆಯ ಪುಟದಲ್ಲೂ ಕಂಡಿತು. ನಿಘಂಟು ತೆರೆದೆ. ಅಕ್ಷರಗಳು ಹಿಂದುಮುಂದಾಗಿದ್ದು ನಿಜವೇ ಆಗಿತ್ತು. ಆದರೆ 1827ರಲ್ಲಿ ಒಬ್ಬ ಸಸ್ಯಶಾಸ್ತ್ರಜ್ಞ ಬೇಕೆಂದೇ ಹಾಗೆ ಮಾಡಿದ್ದ. ಅಂದಿನಿಂದ ಈ ಮೂರು ಪದಗಳ ಹುಟ್ಟಿನ ಕಥೆ ನನ್ನನ್ನು ಬಿಟ್ಟಿಲ್ಲ. ಪೆಟಲ್‌ಗೆ ಸಾವಿರಾರು ವರ್ಷದ ಬೇರಿದೆ. ಸೆಪಲ್‌ಗೆ ಅರ್ಧ ಬೇರು, ಇನ್ನರ್ಧ ಕಸಿ. ಟೆಪಲ್‌ಗೆ ತನ್ನದೆನ್ನುವ ಬೇರೇ ಇಲ್ಲ. ಆದರೂ ಹೂವನ್ನು ನೋಡುವ ಕಣ್ಣು ಒಂದೊಂದು ಹೆಜ್ಜೆ ಮುಂದಿಟ್ಟಾಗಲೇ ಒಂದೊಂದು ಪದ ಹುಟ್ಟಿದೆ.

ಟೆಪಲ್ ಏಕೆ ಬೇಕಾಯಿತು ಎಂದು ತಿಳಿಯಲು ಎರಡು ಹೂವು ಸಾಕು: ಒಂದು ದಾಸವಾಳ, ಒಂದು ಲಿಲ್ಲಿ.

ದಾಸವಾಳವನ್ನು ತಲೆಕೆಳಗಾಗಿ ಹಿಡಿದು ನೋಡಿ. ತೊಟ್ಟು ಮುಗಿಯುವಲ್ಲಿ ಮೊದಲು ಸಿಗುವುದು ಕಿರಿದಾದ ಹಸಿರು ಕಡ್ಡಿಗಳಂತಹ ಒಂದು ಸಣ್ಣ ಸುತ್ತು. ಅದರೊಳಗೆ ಐದು ಹಲ್ಲುಗಳಿರುವ ಹಸಿರು ಬಟ್ಟಲು. ಆ ಬಟ್ಟಲಿನೊಳಗಿಂದ ಐದು ಅಗಲವಾದ ಬಣ್ಣದ ಹಾಳೆಗಳು ಹೊರಬಂದಿರುತ್ತವೆ. ಪ್ರತಿಯೊಂದರ ಒಂದು ಅಂಚು ಒಂದು ಪಕ್ಕದ ಹಾಳೆಯ ಮೇಲೆ ಹಾಸಿದ್ದರೆ ಇನ್ನೊಂದು ಅಂಚು ಮತ್ತೊಂದು ಪಕ್ಕದ್ದರ ಅಡಿಗೆ ಸರಿದಿರುತ್ತದೆ. ಬಟ್ಟಲಿನ ಹಲ್ಲುಗಳು ಸೆಪಲ್, ಅಂದರೆ ನಮ್ಮ ಪಠ್ಯಪುಸ್ತಕಗಳ ‘ಪುಷ್ಪಪತ್ರ’. ಬಣ್ಣದವು ಪೆಟಲ್, ಅಂದರೆ ‘ಪುಷ್ಪದಳ’. ಹೊರಗಿನದು ಮೊಗ್ಗನ್ನು ಕಾಯುತ್ತದೆ, ಒಳಗಿನದು ಪರಾಗ ಸಾಗಿಸುವ ಹುಳಹಕ್ಕಿಗಳನ್ನು ಕರೆಯುತ್ತದೆ. ಇಲ್ಲಿ ಗೊಂದಲಕ್ಕೆ ಎಡೆಯೇ ಇಲ್ಲ.

ಈಗ ಲಿಲ್ಲಿಯನ್ನು ಕೈಗೆತ್ತಿಕೊಳ್ಳಿ. ಆರು ಹಾಳೆಗಳಿವೆ, ಆರೂ ಬಣ್ಣದವೇ. ಹಸಿರು ಬಟ್ಟಲು ಎಲ್ಲಿಯೂ ಕಾಣುವುದಿಲ್ಲ. ಹಾಗಾದರೆ ಈ ಹೂವಿಗೆ ಆರು ದಳ ಎನ್ನೋಣವೇ? ಬುಡವನ್ನು ಇನ್ನಷ್ಟು ಹತ್ತಿರದಿಂದ ನೋಡಿದರೆ ಆರೂ ಒಂದೇ ಸುತ್ತಿನಲ್ಲಿಲ್ಲ ಎಂಬುದು ತಿಳಿಯುತ್ತದೆ. ಮೂರು ಹೊರಗಿವೆ, ಉಳಿದ ಮೂರು ಒಳಗಿವೆ, ಹೊರಗಿನವುಗಳ ಸಂದಿಗೆ ಸರಿಯಾಗಿ ಕುಳಿತಿವೆ. ಹೊರಗಿನ ಮೂರು ದಾಸವಾಳದ ಹಸಿರು ಬಟ್ಟಲಿರುವ ಜಾಗದಲ್ಲಿವೆ. ಆದರೆ ಅವುಗಳ ಬಣ್ಣ, ನುಣುಪು, ಅಗಲ ಎಲ್ಲವೂ ದಳದ್ದು. ಜಾಗ ನೋಡಿ ಸೆಪಲ್ ಎನ್ನಬೇಕೋ ರೂಪ ನೋಡಿ ಪೆಟಲ್ ಎನ್ನಬೇಕೋ? ಟ್ಯೂಲಿಪ್ ಹೂವಿನಲ್ಲೂ ಇದೇ ಪ್ರಶ್ನೆ, ಈರುಳ್ಳಿಯ ಪುಟ್ಟ ಹೂವಿನಲ್ಲೂ ಇದೇ ಪ್ರಶ್ನೆ.

ಪ್ರಶ್ನೆ ಕೇಳುವುದಕ್ಕೂ ಮೊದಲು ಹೂವಿನ ಭಾಗಗಳಿಗೆ ಬೇರೆ ಬೇರೆ ಹೆಸರುಗಳಿರಬೇಕಲ್ಲವೇ? ಬಹಳ ಕಾಲ ಇರಲಿಲ್ಲ. ಅರಿಸ್ಟಾಟಲನ ಶಿಷ್ಯ ಥಿಯೊಫ್ರಾಸ್ಟಸ್ ಗಿಡಗಳ ಬಗ್ಗೆ ವ್ಯವಸ್ಥಿತವಾಗಿ ಬರೆದವರಲ್ಲಿ ಮೊದಲಿಗ. ಅವನು ಹೂಗಳನ್ನು ವಿಂಗಡಿಸುವಾಗ ಕೆಲವು ‘ನವಿರಿನಂತಹವು’, ಕೆಲವು ‘ಎಲೆಯುಳ್ಳವು’ ಎಂದ. ಸೇಬು, ಬಾದಾಮಿ ಗಿಡಗಳ ಹೂಗಳು ಎಲೆಯುಳ್ಳವು. ಅಂದರೆ ನಾವು ದಳ ಎನ್ನುವುದು ಅವನ ಪಾಲಿಗೆ ಹೂವಿನಲ್ಲಿರುವ ಎಲೆ. ರೆಂಬೆಯಲ್ಲಿದ್ದರೂ ‘ಫಿಲ್ಲಾನ್’, ಹೂವಿನಲ್ಲಿದ್ದರೂ ‘ಫಿಲ್ಲಾನ್’. ಕ್ಲೋರೊಫಿಲ್ ಎಂಬ ಪದದ ಬಾಲದಲ್ಲಿ ಇಂದಿಗೂ ಉಳಿದಿರುವುದು ಇದೇ ಫಿಲ್ಲಾನ್. ಲ್ಯಾಟಿನ್ನಿನಲ್ಲೂ ಎರಡಕ್ಕೂ ಒಂದೇ ಮಾತು, ‘ಫೋಲಿಯಂ’. ಜರ್ಮನ್ ಭಾಷೆ ಇಂದಿಗೂ ದಳವನ್ನು ‘ಬ್ಲೂಮೆನ್‌ಬ್ಲಾಟ್’ ಎನ್ನುತ್ತದೆ, ಪದಶಃ ಹೂವೆಲೆ.

ಇಷ್ಟಕ್ಕೂ ‘ಪೆಟಲ್’ ಪದದ ಮೂಲವಾದ ಗ್ರೀಕಿನ ‘ಪೆತಲಾನ್’ ಕೂಡ ದಳ ಎಂಬ ಅರ್ಥದ ಪದವಾಗಿರಲಿಲ್ಲ. ಅದಕ್ಕೂ ಎಲೆ ಎಂದೇ ಅರ್ಥ. ಹೋಮರನ ಇಲಿಯಡ್ ಕಾವ್ಯದ ಎರಡನೆಯ ಸರ್ಗದಲ್ಲಿ ಒಂದು ಮರದ ತುತ್ತತುದಿಯ ರೆಂಬೆಯಲ್ಲಿ ಎಂಟು ಗುಬ್ಬಿಮರಿಗಳು ಮುದುರಿಕೊಂಡು ಅಡಗಿರುವ ಚಿತ್ರವಿದೆ. ಅವು ಅಡಗಿರುವುದು ‘ಪೆತಲ’ಗಳ ಅಡಿಯಲ್ಲಿ, ಅಂದರೆ ಎಲೆಗಳ ಮರೆಯಲ್ಲಿ.

ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಸಿಸಿಲಿ ದ್ವೀಪದ ಸಿರಾಕ್ಯೂಸ್ ನಗರದ ಇತಿಹಾಸದಲ್ಲಿದೆ. ಅತಿಯಾಗಿ ಬಲಶಾಲಿಯಾದ ನಾಗರಿಕನನ್ನು ಊರಿನಿಂದ ಹೊರಹಾಕಲು ಅಥೆನ್ಸಿನ ಜನ ಮಡಕೆಯ ಚೂರಿನ ಮೇಲೆ ಅವನ ಹೆಸರು ಬರೆದು ಮತ ಹಾಕುತ್ತಿದ್ದರು. ಕ್ರಿಸ್ತಪೂರ್ವ 5ನೇ ಶತಮಾನದಲ್ಲಿ ಸಿರಾಕ್ಯೂಸಿನವರೂ ಅಂತಹದ್ದೇ ಕ್ರಮವನ್ನು ತಂದರು; ಆದರೆ ಅವರು ಹೆಸರು ಬರೆದದ್ದು ಆಲಿವ್ ಎಲೆಯ ಮೇಲೆ. ಅಥೆನ್ಸಿನಲ್ಲಿ ಗಡಿಪಾರು ಹತ್ತು ವರ್ಷದ್ದಾದರೆ ಇಲ್ಲಿ ಐದು ವರ್ಷದ್ದು. ಈ ಕ್ರಮದ ಹೆಸರು ‘ಪೆತಲಿಸ್ಮೋಸ್’, ಎಲೆಮತ ಎನ್ನಬಹುದು. ತಮ್ಮ ಹೆಸರು ಎಲ್ಲಿ ಎಲೆಯ ಮೇಲೆ ಬಂದೀತೋ ಎಂಬ ಭಯದಿಂದ ಯೋಗ್ಯರೆಲ್ಲ ಸಾರ್ವಜನಿಕ ಕೆಲಸದಿಂದ ದೂರ ಸರಿದರೆಂದೂ, ಆದ್ದರಿಂದ ಆ ಕಾನೂನನ್ನು ಬೇಗನೆ ಕೈಬಿಟ್ಟರೆಂದೂ ಇತಿಹಾಸಕಾರ ಡಯೊಡೊರಸ್ ಬರೆದಿದ್ದಾನೆ. ಹೂವಿನ ಅತ್ಯಂತ ಕೋಮಲ ಭಾಗದ ಹೆಸರಿಗೆ ಹೀಗೊಂದು ಕಠಿಣ ನೆನಪು ಅಂಟಿಕೊಂಡಿದೆ.

ಪೆತಲಾನ್‌ಗೆ ಇನ್ನೊಂದು ಅರ್ಥವೂ ಇತ್ತು: ತಗಡು. ಬೈಬಲ್ಲಿನ ಹಳೆಯ ಒಡಂಬಡಿಕೆಯ ಗ್ರೀಕ್ ಅನುವಾದದಲ್ಲಿ ಮಹಾಯಾಜಕನ ಹಣೆಯ ಮೇಲಿನ ಚಿನ್ನದ ತಗಡಿಗೆ ಬಳಸಿರುವುದು ಇದೇ ಪದ. ಇಂದಿನ ಗ್ರೀಕಿನಲ್ಲಿ ‘ಪೆತಲೊ’ ಎಂದರೆ ಕುದುರೆಯ ಲಾಳವೂ ಹೌದು. ಎಲೆ, ತಗಡು, ಲಾಳ, ದಳ ಇವುಗಳನ್ನು ಕಟ್ಟುವ ದಾರ ಯಾವುದು? ಚಪ್ಪಟೆಯಾಗಿ ಹರಡಿಕೊಂಡಿರುವ ಗುಣ. ಗ್ರೀಕಿನ ‘ಪೆತಾನ್ನುಮಿ’ ಎಂಬ ಕ್ರಿಯಾಪದಕ್ಕೆ ಹರಡು, ಚಾಚು ಎಂಬ ಅರ್ಥ. ಅಗಲ ಅಂಚಿನ ಟೋಪಿಗೆ ಗ್ರೀಕರು ‘ಪೆತಸೋಸ್’ ಎಂದದ್ದೂ ಇದೇ ಮೂಲದಿಂದ. ತೆರೆದಿರು ಎಂಬ ಅರ್ಥದ ಲ್ಯಾಟಿನ್ ಕ್ರಿಯಾಪದ ‘ಪತೇರೆ’ ಇದರ ಸೋದರ ಪದ. ನಮ್ಮ ಪತ್ರಿಕೆಗಳಲ್ಲಿ ದಿನವೂ ಕಾಣುವ ‘ಪೇಟೆಂಟ್’ ಬಂದದ್ದು ಅಲ್ಲಿಂದ. ಮಡಚಿ ಮುದ್ರೆ ಒತ್ತದೆ ಎಲ್ಲರಿಗೂ ಕಾಣುವಂತೆ ತೆರೆದಿಟ್ಟ ರಾಜಶಾಸನವೇ ಮೊದಲಿನ ಪೇಟೆಂಟ್. ಎರಡೂ ಕೈ ಚಾಚಿದಾಗ ಆಗುವ ಅಳತೆಯನ್ನು ನಾವು ‘ಮಾರು’ ಎನ್ನುತ್ತೇವೆ. ಇಂಗ್ಲಿಷಿನವರು ಅದಕ್ಕೆ ಹೇಳುವ ‘ಫ್ಯಾದಮ್’ ಸಹ ಇದೇ ಮನೆತನದ್ದು. ಅರಳುವುದೆಂದರೆ ಚಾಚಿಕೊಳ್ಳುವುದು. ಮೊಗ್ಗು ಬಿರಿದು ದಳ ಬಿಚ್ಚಿಕೊಳ್ಳುವುದನ್ನು ಗಮನಿಸಿದವರಿಗೆ ಈ ಮೂಲಧಾತು ಎಷ್ಟು ತಕ್ಕದ್ದೆಂದು ಹೇಳಬೇಕಾಗಿಲ್ಲ.

ಇಲ್ಲಿ ಕನ್ನಡ ಓದುಗನಿಗೆ ಒಂದು ಅನುಮಾನ ಬಂದೇ ಬರುತ್ತದೆ. ಪೆತಲಾನ್ ಎಂದರೆ ಎಲೆ, ಪತ್ರ ಎಂದರೂ ಎಲೆ. ಎರಡೂ ಒಂದೇ ಪದವಲ್ಲವೇ? ಕಿವಿಗೆ ಹಾಗೆಯೇ ಕೇಳಿಸುತ್ತದೆ, ಆದರೆ ಭಾಷಾಶಾಸ್ತ್ರಜ್ಞರು ಸಾಮಾನ್ಯವಾಗಿ ಇವನ್ನು ಬೇರೆ ಬೇರೆ ಧಾತುಗಳಿಗೆ ಸೇರಿಸುತ್ತಾರೆ. ಸಂಸ್ಕೃತದ ‘ಪತ್ರ’ ಬಂದದ್ದು ಹಾರು, ಬೀಳು ಎಂಬ ಅರ್ಥದ ‘ಪತ್’ ಧಾತುವಿನಿಂದ. ಹಾರಲು ಸಾಧನವಾದದ್ದು ಪತ್ರ, ಅಂದರೆ ಮೊದಲು ರೆಕ್ಕೆ, ಗರಿ, ಆಮೇಲೆ ಗರಿಯಂತೆ ಹಗುರವಾದ ಎಲೆ, ಆಮೇಲೆ ಬರೆಯುವ ಎಲೆ, ಕೊನೆಗೆ ಕಾಗದ. ಪತಂಗವೂ ಇದರ ಒಡಹುಟ್ಟು. ರೆಕ್ಕೆ ಎಂಬ ಅರ್ಥದ ಗ್ರೀಕಿನ ‘ಪ್ಟೆರಾನ್’ ಇದರ ನಿಜವಾದ ನಂಟ. ಆದ್ದರಿಂದ ನಮ್ಮ ‘ಪತ್ರ’ಕ್ಕೆ ಪೆಟಲ್‌ಗಿಂತ ಹೆಲಿಕಾಪ್ಟರಿನ ‘ಪ್ಟರ್’ ಹತ್ತಿರದ ಸಂಬಂಧಿ!

‘ದಳ’ದ ಕಥೆಯೇ ಬೇರೆ. ಅದರ ಹಿಂದಿರುವ ಸಂಸ್ಕೃತದ ‘ದಲ್’ ಧಾತುವಿಗೆ ಸೀಳು, ಬಿರಿ ಎಂಬ ಅರ್ಥ. ಸೀಳಿ ಬಂದ ತುಂಡು ದಳ. ಹಾಗಾಗಿಯೇ ಇಬ್ಭಾಗವಾಗುವ ಬೀಜ ದ್ವಿದಳ, ಸೇನೆಯ ಒಂದು ವಿಭಾಗ ದಳ, ಬೆಂಕಿ ಆರಿಸುವ ತಂಡವೂ ದಳ. ಗ್ರೀಕರು ಹೂವು ಹರಡಿಕೊಂಡದ್ದನ್ನು ನೋಡಿದರೆ ನಮ್ಮವರು ಮೊಗ್ಗು ಬಿರಿದು ಹೋಳಾದದ್ದನ್ನು ನೋಡಿದರು. ಆದರೆ ಥಿಯೊಫ್ರಾಸ್ಟಸನಿಗಿದ್ದ ತೊಡಕು ಇಲ್ಲಿಯೂ ತಪ್ಪಲಿಲ್ಲ. ‘ಶತಪತ್ರ’ ಎಂದರೆ ನೂರು ಎಸಳಿನ ತಾವರೆ. ಅಲ್ಲಿ ಪತ್ರ ಎಂದರೆ ಹೂದಳ. ‘ಬಿಲ್ವದಳ’ ಎಂದರೆ ಬಿಲ್ವದ ಎಲೆ. ಅಲ್ಲಿ ದಳ ಎಂದರೆ ಎಲೆ. ಪಠ್ಯಪುಸ್ತಕಗಳು ಪುಷ್ಪಪತ್ರ, ಪುಷ್ಪದಳ ಎಂದು ಎರಡನ್ನೂ ಬೇರ್ಪಡಿಸಿ ಒಂದೊಂದು ಕೆಲಸ ಕೊಟ್ಟದ್ದು ಪಾರಿಭಾಷಿಕ ಒಪ್ಪಂದದಿಂದಲೇ ಹೊರತು ಪದಗಳ ಸ್ವಭಾವದಿಂದಲ್ಲ. ನನ್ನನ್ನು ಕೇಳಿದರೆ ಹೂವಿನ ದಳಕ್ಕೆ ‘ಎಸಳು’ ಎಂಬ ಅಚ್ಚಗನ್ನಡ ಪದವೇ ಹೆಚ್ಚು ಚೆಂದ. ಬೀಜದಳ, ಸೇನಾದಳಗಳ ಗದ್ದಲ ಅದಕ್ಕಿಲ್ಲ.

ಯುರೋಪಿನಲ್ಲಿ ಇಂತಹ ಒಪ್ಪಂದಕ್ಕೆ ದಾರಿ ಮಾಡಿದವನು ನೇಪಲ್ಸಿನ ಫೇಬಿಯೊ ಕೊಲೊನ್ನಾ (1567–1640). ಅವನು ಓದಿದ್ದು ಕಾನೂನು. ಗಿಡಗಳ ಕಡೆಗೆ ತಂದದ್ದು ಅವನನ್ನು ಕಾಡುತ್ತಿದ್ದ ಮೂರ್ಛೆರೋಗ. ಅದಕ್ಕೆ ಮದ್ದು ಹುಡುಕುತ್ತ ಅವನು ಪ್ರಾಚೀನ ವೈದ್ಯ ಡಯೊಸ್ಕೊರಿಡಿಸನ ಗ್ರಂಥಕ್ಕೆ ಬಂದ. ಅದರಲ್ಲಿ ಹೇಳಿದ ಗಿಡ ಯಾವುದೆಂದು ಗುರುತಿಸುವುದೇ ದೊಡ್ಡ ಪಾಡಾಗಿತ್ತು. ಹೀಗೆ ಗಿಡಗಳನ್ನು ಒಂದೊಂದಾಗಿ ಪರೀಕ್ಷಿಸಿ, ಚಿತ್ರ ಬರೆದು, 1592ರಲ್ಲಿ ತನ್ನ ಮೊದಲ ಗ್ರಂಥವನ್ನು ಹೊರತಂದ. ಒಂದು ಗಿಡವನ್ನು ಇನ್ನೊಂದರಿಂದ ಬೇರ್ಪಡಿಸಿ ಹೇಳಬೇಕಾದವನಿಗೆ ‘ಎಲೆ ಬಿಳಿ’ ಎಂದರೆ ಸಾಲದು. ಯಾವ ಎಲೆ? ರೆಂಬೆಯದೋ, ಹೂವಿನದೋ? ಕೊಲೊನ್ನಾ ಹೂವಿನದಕ್ಕೆ ‘ಪೆಟಲಮ್’ ಎಂಬ ಪದವನ್ನು ಮೀಸಲಿಟ್ಟ. ಮುಂದೆ ಇಂಗ್ಲೆಂಡಿನ ಸಸ್ಯಶಾಸ್ತ್ರಜ್ಞ ಜಾನ್ ರೇ ಈ ಪದವನ್ನು ತನ್ನ ಬರಹಗಳಲ್ಲಿ ಬಳಸಿ ನೆಲೆಗೊಳಿಸಿದ.

ಅಲ್ಲಿಗೆ ಒಂದು ಪದ ಸಿಕ್ಕಿತು. ಆದರೆ ದಾಸವಾಳದ ಹಸಿರು ಹಲ್ಲುಗಳಿಗೆ ಇನ್ನೂ ಹೆಸರಿರಲಿಲ್ಲ. ಇಡೀ ಬಟ್ಟಲಿಗೆ ‘ಕೇಲಿಕ್ಸ್’ ಎಂಬ ಹೆಸರಿತ್ತು, ಇಡೀ ದಳಗಳ ಸುತ್ತಿಗೆ ‘ಕೊರೊಲ್ಲಾ’ ಎಂಬ ಹೆಸರಿತ್ತು. ಕೊರೊಲ್ಲಾ ಎಂದರೆ ಲ್ಯಾಟಿನ್ನಿನಲ್ಲಿ ಪುಟ್ಟ ಕಿರೀಟ, ಪುಟ್ಟ ಹಾರ. ಕೇಲಿಕ್ಸ್ ಸ್ವಲ್ಪ ನಿಂತು ನೋಡಬೇಕಾದ ಪದ. ಗ್ರೀಕಿನ ‘ಕಾಲಿಕ್ಸ್’ ಎಂದರೆ ಮೊಗ್ಗಿನ ಹೊದಿಕೆ, ಸಿಪ್ಪೆ. ಲ್ಯಾಟಿನ್ನಿನ ‘ಕಲಿಕ್ಸ್’ ಎಂದರೆ ಕುಡಿಯುವ ಬಟ್ಟಲು. ಉಚ್ಚಾರ ಹತ್ತಿರ, ಆಕಾರವೂ ಹತ್ತಿರ. ಎರಡೂ ಬೆರೆತು ಹೋದವು. ಜರ್ಮನ್ನರು ಹಸಿರು ಹಲ್ಲನ್ನು ಬಟ್ಟಲೆಲೆ ಎಂಬರ್ಥದ ‘ಕೆಲ್ಕ್‌ಬ್ಲಾಟ್’ ಪದದಿಂದ ಕರೆಯುತ್ತಾರೆ. ಕನ್ನಡದ ‘ಪುಷ್ಪಪಾತ್ರೆ’ಯಲ್ಲಿ ನಿಂತಿರುವುದೂ ಬಟ್ಟಲಿನ ಅರ್ಥವೇ. ಹೊದಿಕೆಯ ಅರ್ಥ ಹಿಂದೆ ಸರಿದಿದೆ.

ಜೀವಿಗಳಿಗೆ ಜೋಡಿಪದದ ಹೆಸರಿಡುವ ಕ್ರಮವನ್ನು ನೆಲೆಗೊಳಿಸಿದ ಲಿನೇಯಸ್‌ನಂತಹ ಲಿನೇಯಸ್ ಕೂಡ ಕೇಲಿಕ್ಸಿನ ಒಂದೊಂದು ಭಾಗವನ್ನು ‘ಕೇಲಿಕ್ಸಿನ ಎಲೆ’ ಎಂದೇ ಸುತ್ತುಬಳಸಿ ಹೇಳಬೇಕಾಗಿತ್ತು. 1790ರಲ್ಲಿ ನೊಯೆಲ್ ಮಾರ್ಟಿನ್ ಜೋಸೆಫ್ ದ ನೆಕರ್ ಎಂಬ ಸಸ್ಯಶಾಸ್ತ್ರಜ್ಞ ಅದಕ್ಕೆ ‘ಸೆಪಲಮ್’ ಎಂಬ ಒಂದೇ ಪದವನ್ನು ಕಟ್ಟಿದ. ಇದನ್ನು ಅವನು ಹೇಗೆ ಕಟ್ಟಿದ ಎಂಬ ವಿಷಯದಲ್ಲಿ ನಿಘಂಟುಗಳಲ್ಲಿ ಎರಡು ವಿವರಣೆಗಳಿವೆ. ಹೊದಿಕೆ ಎಂಬ ಅರ್ಥದ ಗ್ರೀಕಿನ ‘ಸ್ಕೆಪೆ’ಯನ್ನು ಪೆಟಲಮ್‌ನ ಬಾಲಕ್ಕೆ ಸೇರಿಸಿದ ಎಂಬುದು ಒಂದು. ಬೇರೆಯಾದ ಎಂಬ ಅರ್ಥದ ಲ್ಯಾಟಿನ್ ಪದಕ್ಕೆ, ಇಂಗ್ಲಿಷಿನ ‘ಸೆಪರೇಟ್’ ಬಂದಿರುವ ಮೂಲಕ್ಕೆ, ಅದೇ ಬಾಲವನ್ನು ಸೇರಿಸಿದ ಎಂಬುದು ಇನ್ನೊಂದು. ನನಗೆ ಮೊದಲನೆಯದೇ ಸರಿಯೆನ್ನಿಸುತ್ತದೆ. ಸೆಪಲ್ ಮಾಡುವ ಕೆಲಸವೇ ಹೊದಿಸುವುದು. ಬಟ್ಟಲಿನ ಅರ್ಥದಲ್ಲಿ ಕರಗಿ ಹೋಗಿದ್ದ ಹೊದಿಕೆಯ ಭಾವ ಈ ಪದದಲ್ಲಿ ಮತ್ತೆ ತಲೆಯೆತ್ತಿತು. ವ್ಯಾಕರಣಬದ್ಧವಾಗಿ ಕಟ್ಟಿದ್ದರೆ ಆ ಪದದಲ್ಲಿ ‘ಸ್ಕೆ’ ಉಳಿಯಬೇಕಿತ್ತು; ಕಕಾರವನ್ನು ಬಿಟ್ಟು ಸೆಪಲ್ ಮಾಡಿದ್ದರಿಂದ ಅದು ಪೆಟಲ್‌ಗೆ ಪ್ರಾಸವಾಗಿ ಕೂತಿತು. ಪದ ಉಳಿದದ್ದರಲ್ಲಿ ಈ ಪ್ರಾಸದ ಪಾಲು ಸಣ್ಣದಲ್ಲ ಎಂದು ನಾನು ನಂಬುತ್ತೇನೆ.

ಅದೇ 1790ರಲ್ಲಿ ಜರ್ಮನಿಯ ಕವಿ ಗಯಟೆ ಸಸ್ಯಗಳ ರೂಪಾಂತರದ ಬಗ್ಗೆ ಒಂದು ಚಿಕ್ಕ ಗ್ರಂಥವನ್ನು ಪ್ರಕಟಿಸಿದ. ಬೀಜದಳ, ಪುಷ್ಪಪತ್ರ, ಪುಷ್ಪದಳ, ಕೇಸರ, ಶಲಾಕೆ ಇವೆಲ್ಲವೂ ಮೂಲದಲ್ಲಿ ಒಂದೇ ಅಂಗ, ಎಲೆಯೇ ಬೇರೆ ಬೇರೆ ವೇಷ ತೊಟ್ಟಿದೆ ಎಂಬುದು ಅವನ ವಾದ. ಒಬ್ಬ ಕೇಲಿಕ್ಸಿನ ಎಲೆಗೆ ‘ಎಲೆ’ ಎನ್ನುವುದನ್ನು ಬಿಡಿಸಿ ಹೊಸ ಹೆಸರು ಕೊಟ್ಟ ವರ್ಷವೇ ಇನ್ನೊಬ್ಬ ಎಲ್ಲವೂ ಎಲೆಯೇ ಎಂದು ಸಾರಿದ. ಇಬ್ಬರದೂ ಸರಿ ಎನ್ನಲು ಇನ್ನೂರು ವರ್ಷ ಬೇಕಾಯಿತು.

ಈಗ ಲಿಲ್ಲಿಗೆ ಮರಳೋಣ. ಆಗಸ್ಟಿನ್ ಪಿರಾಮ್ ದ ಕಾಂಡೊಲ್ (1778–1841) ಜಿನೀವಾದವನು. ಜೀವಿಗಳ ವರ್ಗೀಕರಣ ಶಾಸ್ತ್ರಕ್ಕೆ ‘ಟ್ಯಾಕ್ಸಾನಮಿ’ ಎಂಬ ಹೆಸರು 1813ರಲ್ಲಿ ಬಂದದ್ದು ಇವನಿಂದಲೇ. ಪದ ಕಟ್ಟುವುದರಲ್ಲಿ ಇಂತಹ ಕೈ ಇದ್ದವನಿಗೆ ಗ್ರೀಕಿನಿಂದ ಇನ್ನೊಂದು ಪದವನ್ನು ತರುವುದು ಕಷ್ಟವಾಗಿರಲಿಲ್ಲ. ಅವನು ತರಲಿಲ್ಲ. 1827ರಲ್ಲಿ, ಪೆಟಲ್ ಎಂದೂ ಸೆಪಲ್ ಎಂದೂ ಬೇರ್ಪಡಿಸಲಾಗದ ಭಾಗಗಳಿಗೆ, ಇರುವ ಅಕ್ಷರಗಳನ್ನೇ ಹಿಂದುಮುಂದು ಮಾಡಿ ಒಂದು ಹೆಸರನ್ನು ಕೊಟ್ಟ. ಕನ್ನಡ ಲಿಪಿಯಲ್ಲಿ ಬರೆದರೆ ಇದು ಇನ್ನೂ ಸ್ಪಷ್ಟ: ಪೆ-ಟ-ಲ್, ಟೆ-ಪ-ಲ್. ಎಕಾರದ ಗುಣಿತ ಇದ್ದಲ್ಲೇ ಇದೆ, ಪ ಮತ್ತು ಟ ಮಾತ್ರ ಜಾಗ ಬದಲಿಸಿಕೊಂಡಿವೆ. ಸೆಪಲ್ ಪದದ ಕೊನೆಯ ‘ಪಲ್’ ಕೂಡ ಇದರೊಳಗೆ ಕೂತುಬಿಟ್ಟಿದೆ. ಎರಡೂ ಪದಗಳ ಕಿವಿನೆನಪು ಉಂಟು, ಎರಡರಲ್ಲಿ ಯಾವುದರ ಅರ್ಥದ ಹೊರೆಯೂ ಇಲ್ಲ. ಹೊದಿಕೆ ಎಂದೂ ಹೇಳದ, ಹರಡಿದ್ದು ಎಂದೂ ಹೇಳದ ಪದ. ಹೂವೇ ಎರಡರ ನಡುವೆ ನಿಂತಿರುವಾಗ ಹೆಸರು ಯಾವ ಪಕ್ಷವನ್ನೂ ಹಿಡಿಯದೆ ಇರುವುದೇ ಪ್ರಾಮಾಣಿಕತೆ ಎಂದು ನನಗೆ ಅನ್ನಿಸುತ್ತದೆ. ವ್ಯುತ್ಪತ್ತಿಯ ದೃಷ್ಟಿಯಿಂದ ಟೆಪಲ್ ಪೊಳ್ಳು ಎನ್ನುವವರಿದ್ದರೆ, ಅವರು ಲಿಲ್ಲಿಯ ಬುಡವನ್ನು ಇನ್ನೊಮ್ಮೆ ನೋಡಬೇಕು.

ಬಣ್ಣವಿದ್ದ ಮಾತ್ರಕ್ಕೆ ಎಲ್ಲವೂ ಟೆಪಲ್ ಆಗಿಬಿಡುವುದಿಲ್ಲ ಎಂಬ ಎಚ್ಚರವೂ ಬೇಕು. ಬೊಗನ್‌ವಿಲ್ಲಾದ ಕಾಗದದಂತಹ ಬಣ್ಣದ ಹಾಳೆಗಳು ಹೂವಿನ ಭಾಗವೇ ಅಲ್ಲ; ಹೂವಿಗೆ ಅಂಟಿ ಬೆಳೆಯುವ ಎಲೆಗಳು. ನಿಜವಾದ ಹೂವು ನಡುವೆ ಕೊಳವೆಯಂತೆ ಪುಟ್ಟದಾಗಿರುತ್ತದೆ. ಹೈಡ್ರೇಂಜಿಯಾ ಗೊಂಚಲಿನಲ್ಲಿ ಕಣ್ಣಿಗೆ ಹೊಡೆಯುವ ಹಾಳೆಗಳು ದೊಡ್ಡದಾಗಿ ಬೆಳೆದ ಸೆಪಲ್‌ಗಳು. ಹೊರಸುತ್ತು ಒಳಸುತ್ತು ಎರಡೂ ಹೆಚ್ಚುಕಡಿಮೆ ಒಂದೇ ಬಗೆಯಾಗಿದ್ದಾಗ ಮಾತ್ರ ಟೆಪಲ್ ಎಂಬ ಮಾತು.

ಈ ಪದಗಳು ಬರೀ ಹೆಸರಿಡುವ ಅನುಕೂಲವೋ, ಗಿಡದೊಳಗೆ ನಿಜವಾಗಿ ಇರುವ ವ್ಯತ್ಯಾಸವೋ? ಉತ್ತರ ಬಂದದ್ದು ವಂಶವಾಹಿಗಳಿಂದ. 1991ರಲ್ಲಿ ಎನ್ರಿಕೊ ಕೋಯೆನ್ ಮತ್ತು ಎಲಿಯಟ್ ಮೇಯರೊವಿಟ್ಜ್ ಹೂವು ರೂಪುಗೊಳ್ಳುವ ಬಗೆಯನ್ನು ಎ, ಬಿ, ಸಿ ಎಂಬ ಮೂರು ಗುಂಪಿನ ವಂಶವಾಹಿಗಳಿಂದ ವಿವರಿಸಿದರು. ಎ ಮಾತ್ರ ಕೆಲಸ ಮಾಡುವ ಸುತ್ತಿನಲ್ಲಿ ಸೆಪಲ್ ಬೆಳೆಯುತ್ತದೆ. ಎ ಮತ್ತು ಬಿ ಕೂಡಿದಲ್ಲಿ ಪೆಟಲ್, ಬಿ ಮತ್ತು ಸಿ ಕೂಡಿದಲ್ಲಿ ಕೇಸರ, ಸಿ ಮಾತ್ರ ಇದ್ದಲ್ಲಿ ಶಲಾಕೆಯ ಭಾಗಗಳು. ಮೂರನ್ನೂ ಕೆಡಿಸಿದರೆ ಆ ಎಲ್ಲ ಜಾಗಗಳಲ್ಲೂ ಎಲೆಯನ್ನು ಹೋಲುವ ಭಾಗಗಳು ಬರುತ್ತವೆ. ಗಯಟೆಯ ಮಾತಿಗೂ ನೆಕರ್‌ನ ಪದಕ್ಕೂ ಒಂದೇ ಪ್ರಯೋಗದಲ್ಲಿ ಜಾಗ ಸಿಕ್ಕಿತು.

ಟ್ಯೂಲಿಪ್ ಹೂವಿನಲ್ಲಿ ಬಿ ಗುಂಪಿನ ವಂಶವಾಹಿಗಳು ಎರಡನೆಯ ಸುತ್ತಿಗೇ ನಿಲ್ಲದೆ ಅತ್ಯಂತ ಹೊರಗಿನ ಸುತ್ತಿನಲ್ಲೂ ಕೆಲಸ ಮಾಡುತ್ತವೆ. ಎ ಮತ್ತು ಬಿ ಎರಡು ಕಡೆಯೂ ಕೂಡಿದ್ದರಿಂದ ಎರಡು ಸುತ್ತಿನಲ್ಲೂ ಬಣ್ಣದ ಹಾಳೆಗಳೇ ಬರುತ್ತವೆ. ಸೆಪಲ್ ಇರಬೇಕಾದ ಜಾಗ, ಪೆಟಲ್ ಕಟ್ಟುವ ಆದೇಶ. ಕಾಂಡೊಲ್ ಬರಿಗಣ್ಣಿನಿಂದ ಕಂಡು ಅಕ್ಷರ ಹಿಂದುಮುಂದು ಮಾಡಿ ಹೇಳಿದ್ದು ಇದನ್ನೇ.

ವಂಶವಾಹಿಗಳ ಹೆಸರುಗಳಲ್ಲೂ ಈ ಪದಗಳು ಸೇರಿಹೋಗಿವೆ. ಸಾಸಿವೆ ಕುಟುಂಬದ ಅರಬಿಡಾಪ್ಸಿಸ್ ಎಂಬ ಪುಟ್ಟ ಗಿಡದಲ್ಲಿ, ಕೆಟ್ಟಾಗ ದಳಗಳಿಲ್ಲದ ಹೂವು ಬರುವ ವಂಶವಾಹಿಗಳಿಗೆ ‘ಅಪೆಟಲಾ’ ಎಂದು ಹೆಸರು. 2000ದಲ್ಲಿ ಅದೇ ಗಿಡದ ಮೂರು ವಂಶವಾಹಿಗಳನ್ನು ಒಟ್ಟಿಗೆ ಕೆಡಿಸಿದಾಗ ದಳವೂ ಇಲ್ಲದ, ಕೇಸರವೂ ಇಲ್ಲದ, ಸುತ್ತಿನ ಮೇಲೆ ಸುತ್ತು ಹಸಿರು ಸೆಪಲ್‌ಗಳೇ ತುಂಬಿದ ಹೂವು ಬಂತು. ಆ ವಂಶವಾಹಿಗಳಿಗೆ ‘ಸೆಪಲ್ಲಾಟಾ’ ಎಂದು ಹೆಸರಿಟ್ಟರು. ಮುಂದೆ ಅದೇ ಬಳಗದ ನಾಲ್ಕನೆಯದನ್ನೂ ಕೆಡಿಸಿದಾಗ ಸೆಪಲ್ ಕೂಡ ಉಳಿಯಲಿಲ್ಲ. ಹೂವಿನ ಜಾಗದಲ್ಲಿ ಬೆಳೆದದ್ದು ಎಲೆಯಂತಹ ಭಾಗಗಳು, ಥಿಯೊಫ್ರಾಸ್ಟಸನ ಫಿಲ್ಲಾನ್.